ಬಾಟಲ್ ಬ್ರಷ್ ಬೋನ್ಸಾಯ್: ಕುಂಡ ಬದಲಿಸೋದು ಸೆಕೆಗಾಲ ಶುರುವಾಗುವಾಗ

ಮೆಲ್ಬರ್ನ್, ಸಿಡ್ನಿ ಕಡೆ ಆಸ್ಟ್ರೇಲಿಯಾದ್ದೇ ಮರಗಳಾದ ಬಾಟಲ್ ಬ್ರಷ್ ಅಥವಾ ಪೇಪರ್‌ಬಾರ್ಕ್ ಅನ್ನು ಬೋನ್ಸಾಯ್ (ಕುಂಡದ ಕುಬ್ಜ ಮರ) ಮಾಡಿ ಬೆಳೆಸುತ್ತಿರುವವರು ಗಮನಿಸಿ: ಕುಂಡ ಬದಲಿಸಿ ಬೇರು ಕತ್ತರಿಸುವ ಕೆಲಸ ಚಳಿಗಾಲದಲ್ಲಿ ಬೇಡ. ಅಲ್ಲಿ ಸೆಕೆ ಶುರುವಾಗುವ ನವೆಂಬರ್ ಹೊತ್ತಿಗೆ, ಕೊಂಬೆ ತುದಿಯಲ್ಲಿ ರೇಷ್ಮೆ ರೋಮದ ನಸುಗೆಂಪು ಚಿಗುರು ಕಂಡಾಗ ಮಾಡಿ. ಆಮೇಲೆ ಕುಂಡವನ್ನು ಎರಡು ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿಟ್ಟು, ಎರಡು ಮೂರು ವಾರ ಅರೆನೆರಳಲ್ಲಿ ಬಿಡಿ. ಜಪಾನಿನ ಮೇಪಲ್ ಚಳಿಗೆ ಎಲೆ ಉದುರಿಸಿ ಮಲಗುತ್ತದೆ, ಚಳಿಗಾಲದ ಕೊನೆ ಅದಕ್ಕೆ ಸರಿ. ಆದರೆ ಬಾಟಲ್ ಬ್ರಷ್, ಪೇಪರ್‌ಬಾರ್ಕ್ ನಿತ್ಯಹಸಿರು ಮರಗಳು. ಮಣ್ಣು ಬೆಚ್ಚಗಿದ್ದರೇ ಹೊಸ ಬೇರು ಚುರುಕಾಗಿ ಬರೋದು. ತಣ್ಣಗಿನ ಒದ್ದೆ ಮಣ್ಣಲ್ಲಿ ಕತ್ತರಿಸಿದ ಬೇರು ಕೊಳೆಯುವುದೇ ಹೆಚ್ಚು. ಹೊಳೆದಂಡೆ, ಜೌಗು ನೆಲದಲ್ಲಿ ಹುಟ್ಟಿ ಬೆಳೆಯುವ ಜಾತಿಗಳಾದ್ದರಿಂದ ಕಾಲಡಿ ನೀರು ನಿಂತರೆ ಇವಕ್ಕೆ ತೊಂದರೆಯಿಲ್ಲ. ಬೇರು ತೆಗೆದಷ್ಟೇ ಮೇಲಿನ ಸೊಪ್ಪನ್ನೂ ಸವರಿ, ಹೆದರಬೇಡಿ. ಬಾಟಲ್ ಬ್ರಷ್ ಹಳೇ ಕಾಂಡದ ಒರಟು ತೊಗಟೆಯಿಂದಲೂ ಗುಂಡುಸೂಜಿ ತಲೆಯಂಥ ಮೊಗ್ಗು ಒಡೆಯುತ್ತದೆ, ನೋಡೋಕೇ ಖುಷಿ. ಆದರೆ ಹವಾಮಾನದವರು 40 ಡಿಗ್ರಿ ಬಿಸಿಲು ಅಂತ ಹೇಳಿದ ವಾರ ಬೇರಿಗೆ ಕೈ ಹಾಕಬೇಡಿ, ತಟ್ಟೆ ನೀರಿದ್ದರೂ ಎಲೆ ಸುಟ್ಟುಹೋಗುತ್ತದೆ. ಆಸ್ಟ್ರೇಲಿಯಾದ ಇನ್ನೊಂದು ಗಿಡ ಬ್ಯಾಂಕ್ಸಿಯಾಗಂತೂ ತಟ್ಟೆ ನೀರಿನ ಉಪಾಯ ಬೇಡವೇ ಬೇಡ. ಮರಳು ಮಣ್ಣಲ್ಲಿ ಬೆಳೆಯುವ ಅದರ ಬೇರು ನಿಂತ ನೀರಿಗೆ ಕೊಳೆಯುತ್ತದೆ. ಹೆಚ್ಚು ರಂಜಕ (ಫಾಸ್ಫರಸ್) ಇರುವ ಗೊಬ್ಬರವೂ ಅದಕ್ಕೆ ವಿಷ, ಅಂಗಡಿಯಲ್ಲಿ ಆಸ್ಟ್ರೇಲಿಯನ್ ನೇಟಿವ್ ಗಿಡಗಳಿಗೇ ಅಂತ ಬರೆದಿರುವ ಗೊಬ್ಬರ ಕೇಳಿ ತನ್ನಿ.