ಆಧಾರ್ ಜೆರಾಕ್ಸ್ ಬೇಡ ಅಂದೆ, ಪಿಎಫ್ ನಿಲ್ಲಲಿಲ್ಲ: ನನ್ನ ಅನುಭವ

ಪೀಣ್ಯ ಎರಡನೇ ಹಂತದಲ್ಲಿ ಒಂಬತ್ತು ಸಣ್ಣ ಯೂನಿಟ್‌ಗಳ ಸಂಬಳ, ಪಿಎಫ್, ಇಎಸ್‌ಐ, ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಮಷಿನ್ ಶಾಪ್‌ಗಳೇ ಜಾಸ್ತಿ. ಒಂದು ಗಾರ್ಮೆಂಟ್, ಒಂದು ಪೌಡರ್ ಕೋಟಿಂಗ್ ಇದೆ. ಎಲ್ಲ ಸೇರಿ 400 ಜನ ಇರಬಹುದು. ಈ ಕೆಲಸದಲ್ಲಿ ಇರುವವರಿಗೆ ಗೊತ್ತು, ಹೊಸ ಹುಡುಗ ಗೇಟಿಗೆ ಬಂದರೆ ಹೆಸರು ಕೇಳೋದಕ್ಕೂ ಮೊದಲು ಬರುವ ಮಾತು, "ಆಧಾರ್ ಜೆರಾಕ್ಸ್ ಎಲ್ಲಿ? ನಾಲ್ಕು ಕಾಪಿ."

ನಾಲ್ಕು ಯಾಕೆ? ಯಾರಿಗೂ ಗೊತ್ತಿರಲಿಲ್ಲ. ಒಂದು ಗೇಟಿಗೆ, ಒಂದು ಮೇಸ್ತ್ರಿಗೆ, ಒಂದು ನನಗೆ, ಇನ್ನೊಂದು "ಇರ್ಲಿ" ಅಂತ. 2022ರ ಹೊತ್ತಿಗೆ ನನ್ನ ಆಫೀಸಿನಲ್ಲಿ ಎರಡು ಗೋದ್ರೆಜ್ ಬೀರು ತುಂಬಾ ಜೆರಾಕ್ಸೇ. ಕೆಲಸ ಬಿಟ್ಟು ಐದು ವರ್ಷ ಆದವರದ್ದೂ ಇತ್ತು. ಇಂಟರ್‌ವ್ಯೂಗೆ ಬಂದು ಕೆಲಸಕ್ಕೆ ಸೇರದೇ ಹೋದವರದ್ದೂ ಇತ್ತು.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಕೊಟ್ಟಿತ್ತು, ನೆನಪಿರಬಹುದು. ಆಧಾರ್ ಜೆರಾಕ್ಸ್ ಎಲ್ಲರಿಗೂ ಕೊಡಬೇಡಿ, ಮಾಸ್ಕ್ ಮಾಡಿದ್ದು, ಅಂದರೆ ಮೊದಲ ಎಂಟು ಅಂಕಿ ಮುಚ್ಚಿದ್ದು ಕೊಡಿ ಅಂತ. ಎರಡೇ ದಿನದಲ್ಲಿ ಅದನ್ನು ವಾಪಸ್ ತೆಗೆದುಕೊಂಡರು. ಎಲ್ಲರೂ ನಕ್ಕು ಮರೆತರು. ನನಗೆ ಮಾತ್ರ ಆ ಬೀರು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಕಳ್ಳತನ ಆದರೆ ಉತ್ತರ ಕೊಡಬೇಕಾದವಳು ನಾನೇ ಅಲ್ವಾ?

ಆಗ ಕೂತು ಲೆಕ್ಕ ಹಾಕಿದೆ. ಯಾವ ಕಾನೂನು ಯಾವ ನಂಬರ್ ಕೇಳುತ್ತದೆ? ಪಿಎಫ್‌ಗೆ ಆಧಾರ್ ಬೇಕೇ ಬೇಕು. ಸಾಮಾಜಿಕ ಭದ್ರತಾ ಸಂಹಿತೆಯ 142ನೇ ಸೆಕ್ಷನ್ 2021ರ ಮೇ 3ಕ್ಕೆ ಜಾರಿಯಾಯಿತು, ಆ ವರ್ಷ ಸೆಪ್ಟೆಂಬರ್‌ನಿಂದ ಆಧಾರ್ ಜೋಡಿಸದ ಯುಎಎನ್‌ಗೆ (ಪಿಎಫ್ ಸದಸ್ಯರ ನಂಬರ್) ಇಸಿಆರ್, ಅಂದರೆ ತಿಂಗಳ ಪಿಎಫ್ ಲೆಕ್ಕದ ಫೈಲು, ಹಾಕೋಕೇ ಆಗುತ್ತಿರಲಿಲ್ಲ. ಟಿಡಿಎಸ್ ಕಟ್ ಆಗುವವರದ್ದು ಪ್ಯಾನ್ ಬೇಕು. ವರ್ಷಕ್ಕೆ ಒಂದು ಲಕ್ಷ ದಾಟಿ ಬಾಡಿಗೆ ತೋರಿಸಿ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ವಿನಾಯಿತಿ ಕೇಳಿದರೆ ಮನೆ ಓನರ್ ಪ್ಯಾನ್ ಬೇಕು. ಅಷ್ಟೇ. ಗೇಟಿಗೆ ಬೇಕು ಅಂತ ಎಲ್ಲೂ ಇಲ್ಲ. ಇಂಟರ್‌ವ್ಯೂಗೂ ಇಲ್ಲ. ಸಂಬಳದ ಅಕೌಂಟಿಗೆ ಬ್ಯಾಂಕಿನವರು ಅವರ ಕೆವೈಸಿ ಅವರೇ ಮಾಡಿಕೊಳ್ಳುತ್ತಾರೆ, ನಡುವೆ ನನ್ನ ಬೀರು ಯಾಕೆ?

2018ರ ಸೆಪ್ಟೆಂಬರ್ 26ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ ಹೀಗೇ ಇದೆ. ಪ್ಯಾನ್‌ಗೆ ಆಧಾರ್ ಜೋಡಿಸೋದು ಸರಿ ಅಂದರು. ಬ್ಯಾಂಕ್ ಖಾತೆಗೆ, ಸಿಮ್‌ಗೆ ಕಡ್ಡಾಯ ಮಾಡಿದ್ದನ್ನು ಹೊಡೆದು ಹಾಕಿದರು. ಆ ಕೇಸು ಹಾಕಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ನಮ್ಮ ಓನರ್‌ಗಳಿಗೆ ಇದನ್ನು ಹೇಳಿದರೆ, "ಮೇಡಂ, ಕೋರ್ಟ್ ಇರ್ಲಿ, ನಾಳೆ ಇನ್ಸ್‌ಪೆಕ್ಷನ್ ಬಂದ್ರೆ ಯಾರು ನೋಡ್ಕೋತಾರೆ?" ಅಂದರು. ನನ್ನ ಸ್ನೇಹಿತೆಯೊಬ್ಬಳು, ಅವಳೂ ಇದೇ ಲೈನ್, "ಸುಮ್ನೆ ಇರೋ ಕ್ಲೈಂಟೂ ಹೋಗ್ತಾರೆ ಕಣೇ" ಅಂದಳು.

ಮೊದಲ ಪ್ರಯತ್ನ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಕಪ್ಪು ಮಾರ್ಕರ್ ತಂದು ಹಳೇ ಜೆರಾಕ್ಸ್‌ಗಳ ಮೇಲೆ ಮೊದಲ ಎಂಟು ಅಂಕಿ ಹೊಡೆಯೋಕೆ ಶುರು ಮಾಡಿದೆ. ಎರಡು ಡಜನ್ ಮಾರ್ಕರ್, ಒಂದು ವಾರ, ಜೊತೆಗೆ ಒಬ್ಬಳು ಹುಡುಗಿ. ಸಂಜೆ ಬಿಸಿಲಿಗೆ ಒಂದು ಹಾಳೆ ಹಿಡಿದು ನೋಡಿದೆ. ಹಿಂದಿನಿಂದ ನಂಬರ್ ಕನ್ನಡಿಯಲ್ಲಿ ಕಂಡ ಹಾಗೆ ಪೂರ್ತಿ ಕಾಣುತ್ತಿದೆ! ಮಾರ್ಕರ್‌ಗೆ, ಕೂಲಿಗೆ ಮೂರು ಸಾವಿರ ಹೋಯಿತು.

ಎರಡನೇ ಪ್ರಯತ್ನಕ್ಕೆ ಜಾಸ್ತಿ ಬೆಲೆ ತೆತ್ತೆ. ಕಾಗದ ಬೇಡ, ಎಲ್ಲ ಎಕ್ಸೆಲ್‌ಗೆ ಹಾಕೋಣ, ಪಾಸ್‌ವರ್ಡ್ ಇಡೋಣ ಅಂದುಕೊಂಡೆ. 74 ಜನರ ಒಂದು ಯೂನಿಟ್‌ನಿಂದ ಶುರು ಮಾಡಿದೆ. ಹನ್ನೆರಡು ಅಂಕಿ ಹಾಕಿದರೆ ಎಕ್ಸೆಲ್ ಅದನ್ನು ಮೊಟಕು ಮಾಡಿ ತೋರಿಸುತ್ತದೆ ಅಂತ ನಿಮಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೆ ಆ ದಿನ ಕಾಲಂ ಟೆಕ್ಸ್ಟ್ ಮಾಡೋದು ಮರೆತೆ, ಸಿಎಸ್‌ವಿ (ಬರೀ ಅಕ್ಷರದ ಫೈಲು) ಮಾಡಿ ಅದರ ಮೇಲೇ ಸೇವ್ ಮಾಡಿಬಿಟ್ಟೆ. ಆಧಾರ್ ಕೆಟ್ಟಿತು, ಯುಎಎನ್ ಕೂಡ 1.01ಇ+11 ಆಗಿ ಕೂತಿತು. ಇಸಿಆರ್ ಫೈಲಿನಲ್ಲಿ 74 ಸಲ ಅದೇ ನಂಬರ್. ಅಪ್ಲೋಡ್ ಆಗಲಿಲ್ಲ. ದಿನಾಂಕ 15, ಪಿಎಫ್ ಕಟ್ಟೋಕೆ ಕೊನೇ ದಿನ, ರಾತ್ರಿ ಒಂಬತ್ತು ಗಂಟೆ.

ಮಾರನೇ ದಿನ ಲಿಸ್ಟ್ ಮತ್ತೆ ಇಳಿಸಿಕೊಂಡು ಸರಿ ಮಾಡಿದೆ. ಅಷ್ಟರಲ್ಲಿ ಓನರ್ ಧರ್ಮಸ್ಥಳಕ್ಕೆ ಹೋಗಿದ್ದರು, ಬ್ಯಾಂಕಿನ ಓಟಿಪಿ ಅವರ ಫೋನಿನಲ್ಲಿ. ದುಡ್ಡು ಕಟ್ಟಿದ್ದು 19ಕ್ಕೆ. ಬಡ್ಡಿ, ದಂಡ ಸೇರಿ ಐನೂರು ರೂಪಾಯಿ ಆಗಬಹುದು, ಅದು ದೊಡ್ಡದಲ್ಲ. ದೊಡ್ಡ ಹೊಡೆತ ಬೇರೆ ಇತ್ತು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್, ಕೆಲಸಗಾರರ ಪಾಲಿನ ಪಿಎಫ್ ಒಂದು ದಿನ ತಡವಾದರೂ ಅದನ್ನು ಖರ್ಚು ಅಂತ ತೋರಿಸುವ ಹಾಗಿಲ್ಲ ಅಂದಿತ್ತು. ನನ್ನ ಎಡವಟ್ಟು ಆದದ್ದು ಡಿಸೆಂಬರ್‌ನಲ್ಲಿ. ಆ ತಿಂಗಳ ಕೆಲಸಗಾರರ ಪಾಲು ಸುಮಾರು ಒಂದು ಲಕ್ಷದ ಮೂವತ್ತು ಸಾವಿರ. ಪಾರ್ಟ್‌ನರ್‌ಶಿಪ್ ಫರ್ಮು, ಮೂವತ್ತು ಪರ್ಸೆಂಟ್ ತೆರಿಗೆ. ಹತ್ತಿರ ಹತ್ತಿರ 40 ಸಾವಿರ ಕೈಬಿಟ್ಟಿತು. ನಾನು ನಾಲ್ಕು ತಿಂಗಳ ಫೀ ಬಿಟ್ಟೆ. ಓನರ್ ಬೈಯಲಿಲ್ಲ. "ಜೆರಾಕ್ಸೇ ಚೆನ್ನಾಗಿತ್ತು ಮೇಡಂ" ಅಂದರು. ಬೈದಿದ್ದರೇ ಮೇಲಿತ್ತು.

ಅದೇ ಪೆಟ್ಟಿನಿಂದ ಒಂದು ಉಪಯೋಗ ಆಯಿತು. ಆಧಾರ್ ಹನ್ನೆರಡು ಅಂಕಿ, ಯುಎಎನ್ ಕೂಡ ಹನ್ನೆರಡು. ಕಾಲಂ ಅದಲು ಬದಲಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ಆಧಾರ್ ಯಾವತ್ತೂ 0 ಅಥವಾ 1ರಿಂದ ಶುರುವಾಗುವುದಿಲ್ಲ. ನಾನು ಇದುವರೆಗೆ ನೋಡಿದ ಯುಎಎನ್‌ಗಳೆಲ್ಲ 10ರಿಂದ ಶುರು. ಮೊದಲ ಅಂಕಿ ನೋಡಿದರೆ ಸಾಕು, ಯಾವುದು ಯಾವುದು ಅಂತ ತಿಳಿಯುತ್ತದೆ. ಇದನ್ನು ಫಾರ್ಮುಲಾ ಮಾಡಿ ಇಟ್ಟಿದ್ದೇನೆ, ತಪ್ಪಾದರೆ ಸಾಲು ಕೆಂಪಾಗುತ್ತದೆ.

ಈಗ ಮಾಡುವ ಕ್ರಮ ಇಷ್ಟೇ. ಹೊಸಬರು ಸೇರಿದ ದಿನ ಪಿಎಫ್‌ನ ಘೋಷಣೆ ಫಾರ್ಮ್ 11 ತುಂಬಿಸುತ್ತೇನೆ, ಅದರಲ್ಲಿ ಆಧಾರ್ ಬರುತ್ತದೆ. ಅದೊಂದೇ ಕಡೆ. ಕಾರ್ಡ್ ನೋಡಿ, ಹೆಸರು, ಹುಟ್ಟಿದ ದಿನ ತಾಳೆ ನೋಡಿ, ಎದುರಿಗೇ ವಾಪಸ್ ಕೊಡುತ್ತೇನೆ. ಫಾರ್ಮ್ 11 ಒಂದೇ ಬೀರುವಿನಲ್ಲಿ, ಕೀ ನನ್ನ ಹತ್ತಿರ. ಉಳಿದ ಎಲ್ಲ ಕಡೆ ಕೊನೆಯ ನಾಲ್ಕು ಅಂಕಿ ಮಾತ್ರ. ಯಾರಾದರೂ ಕಾಪಿ ಬೇಕೇ ಬೇಕು ಅಂದರೆ ಮಾಸ್ಕ್ ಮಾಡಿದ್ದನ್ನು ಕೆಲಸಗಾರರೇ ಇಳಿಸಿ ಕೊಡಬೇಕು.

ಮಾಸ್ಕ್ ಮಾಡಿದ್ದು ಅಂತ ಬರೆಯೋಕೆ ಸುಲಭ. ಗಾರ್ಮೆಂಟ್‌ನಲ್ಲಿ ಯಾದಗಿರಿ, ರಾಯಚೂರು ಕಡೆಯ ಹೆಣ್ಣುಮಕ್ಕಳು ಜಾಸ್ತಿ. ಹತ್ತು ಜನರಲ್ಲಿ ಮೂರು ನಾಲ್ಕು ಜನರ ಆಧಾರ್‌ಗೆ ಹಳೇ ಮೊಬೈಲ್ ನಂಬರ್ ಜೋಡಿಸಿರುತ್ತದೆ. ಓಟಿಪಿ ಬರೋದಿಲ್ಲ. ನಂಬರ್ ಬದಲಿಸೋಕೆ ಆಗ 50 ರೂಪಾಯಿ, ಜೊತೆಗೆ ಒಂದು ದಿನದ ಕೂಲಿ. "ಅಕ್ಕಾ, ಜೆರಾಕ್ಸ್ ಎರಡು ರೂಪಾಯಿಗೆ ಆಗ್ತಿತ್ತಲ್ಲ?" ಅಂತ ಒಬ್ಬಳು ಕೇಳಿದಳು. ಸರಿಯಾಗೇ ಕೇಳಿದಳು. ಹೆಸರು ತಾಳೆಯಾಗದವರನ್ನು ಹೇಗೆ ಒಂದೇ ಸುತ್ತಿನಲ್ಲಿ ಸರಿ ಮಾಡಿಸುತ್ತೇನೆ ಅನ್ನೋದು ಇಲ್ಲಿ ಬರೆಯೋದಿಲ್ಲ. ಅದೇ ನನ್ನ ಅನ್ನ.

ಇಷ್ಟೆಲ್ಲ ಮಾಡುವಾಗ ಗೊತ್ತಾದದ್ದು, ನಾವು ಬೇಡದ ನಂಬರ್ ರಾಶಿ ಹಾಕುತ್ತಿದ್ದೆವು, ಬೇಕಾದದ್ದನ್ನು ಪರೀಕ್ಷೆ ಮಾಡುತ್ತಲೇ ಇರಲಿಲ್ಲ. ಒಬ್ಬ ಲೋಡಿಂಗ್ ಮೇಸ್ತ್ರಿ. ಅವನ ಪ್ಯಾನ್ ಜೆರಾಕ್ಸ್ ನನ್ನ ಹತ್ತಿರ ಆರು ಇತ್ತು, ಆರು! ಬಿಲ್‌ಗೆ ಒಂದು ಪರ್ಸೆಂಟ್ ಟಿಡಿಎಸ್ ಹಿಡಿದು ಕಟ್ಟುತ್ತಿದ್ದೆ. 2023ರ ಜುಲೈ 1ರಿಂದ ಆಧಾರ್ ಜೋಡಿಸದ ಪ್ಯಾನ್ ನಿಷ್ಕ್ರಿಯ ಅಂತ ಎಲ್ಲ ಕಡೆ ಬಂದಿತ್ತು. ಅವನದ್ದು ಜೋಡಣೆ ಆಗಿರಲಿಲ್ಲ. ನಿಷ್ಕ್ರಿಯ ಅಂದರೆ ಪ್ಯಾನ್ ಇಲ್ಲದ ಹಾಗೆ, 20 ಪರ್ಸೆಂಟ್ ಹಿಡಿಯಬೇಕು. ನಾಲ್ಕು ಲಕ್ಷ ಎಂಬತ್ತು ಸಾವಿರದ ಬಿಲ್ಲಿಗೆ ಹಿಡಿಯಬೇಕಾದದ್ದು 96 ಸಾವಿರ, ಹಿಡಿದದ್ದು 4,800. ಉಳಿದ 91 ಸಾವಿರ ಕಟ್ಟಿ ಅಂತ ಡಿಮ್ಯಾಂಡ್ ಬಂತು. ಎರಡು ರಾತ್ರಿ ನಿದ್ದೆ ಇಲ್ಲ.

ದೇವರ ದಯೆ, 2024ರ ಏಪ್ರಿಲ್‌ನಲ್ಲಿ ತೆರಿಗೆ ಇಲಾಖೆಯ ಸುತ್ತೋಲೆ ಬಂತು. ಮಾರ್ಚ್ 31ರವರೆಗಿನ ವ್ಯವಹಾರಕ್ಕೆ, ಮೇ 31ರ ಒಳಗೆ ಜೋಡಿಸಿದರೆ ಜಾಸ್ತಿ ಟಿಡಿಎಸ್ ಕೇಳುವುದಿಲ್ಲ ಅಂತ. ಮೇಸ್ತ್ರಿಯನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಹೋಗಿ ಸಾವಿರ ರೂಪಾಯಿ ಫೀ ನಾನೇ ಕಟ್ಟಿ ಜೋಡಿಸಿದೆ. ಡಿಮ್ಯಾಂಡ್ ಹೋಯಿತು. ಆ ಸಾವಿರ ಅವನು ಇನ್ನೂ ಕೊಟ್ಟಿಲ್ಲ. ಈಗ ಪ್ರತಿ ಮೂರು ತಿಂಗಳಿಗೆ, ರಿಟರ್ನ್ ಹಾಕುವ ಮೊದಲು ಎಲ್ಲ ಪ್ಯಾನ್ ಚೆಕ್ ಮಾಡುತ್ತೇನೆ. ಜೆರಾಕ್ಸ್ ಒಂದೂ ಇಟ್ಟಿಲ್ಲ. ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಅದಕ್ಕೇ ಹಳೇ ಸೆಕ್ಷನ್ ಇಲ್ಲಿ ಬರೆದಿಲ್ಲ.

ಇನ್ನು ಆ ಎರಡು ಬೀರು. ಆರೂವರೆ ಸಾವಿರ ಕೊಟ್ಟು ಕಾಗದ ಕತ್ತರಿಸುವ ಮಷಿನ್ ತಂದೆ. ಸ್ಟೇಪ್ಲರ್ ಪಿನ್ ಸಿಕ್ಕಿ ಮೊದಲ ವಾರವೇ ಎರಡು ಸಲ ರಿಪೇರಿ. ಕತ್ತರಿಸಿದ ಪಟ್ಟಿಗಳನ್ನು ಮಷಿನ್ ಶಾಪ್‌ನವರು ಪ್ಯಾಕಿಂಗ್‌ಗೆ ಒಯ್ಯುತ್ತಿದ್ದರು, ಗೇರ್ ಸುತ್ತ ತುಂಬೋಕೆ. ನನಗೂ ಖುಷಿ. ಒಂದು ದಿನ ಡಿಸ್ಪ್ಯಾಚ್ ಡಬ್ಬಿ ಪಕ್ಕ ನಿಂತಿದ್ದೆ. ಒಂದು ಪಟ್ಟಿ ಹೊರಗೆ ಇಣುಕುತ್ತಿತ್ತು. ಎಳೆದೆ. ನಾಲ್ಕು, ನಾಲ್ಕು, ನಾಲ್ಕು ಅಂಕಿ, ಒಂದೂ ತಪ್ಪಿಲ್ಲದೆ. ಕಾರ್ಡನ್ನು ಅಡ್ಡ ಇಟ್ಟು ಜೆರಾಕ್ಸ್ ಮಾಡಿದ್ದರೆ, ಹಾಳೆ ಉದ್ದಕ್ಕೆ ಕತ್ತರಿಸಿದಾಗ ನಂಬರ್ ಇರುವ ಸಾಲು ಪೂರ್ತಿ ಒಂದೇ ಪಟ್ಟಿಯಲ್ಲಿ ಉಳಿಯುತ್ತದೆ! ಇಡೀ ಡಬ್ಬಿ ಬಿಚ್ಚಿಸಿದೆ, ಡಿಸ್ಪ್ಯಾಚ್ ಹುಡುಗರು ನನ್ನನ್ನು ಹುಚ್ಚಿ ಅಂದುಕೊಂಡರು. ಆಮೇಲೆ ಚೂರುಚೂರು ಮಾಡುವ ಮಷಿನ್ ತಂದೆ, ಹದಿನಾಲ್ಕು ಸಾವಿರದ ಹತ್ತಿರ. ಮೊದಲೇ ಇದನ್ನು ತಂದಿದ್ದರೆ ಆಗುತ್ತಿತ್ತು.

ಹೊಸಪೇಟೆಯಲ್ಲಿ ನನ್ನ ತಮ್ಮ ಹಂಪಿಗೆ ಬರುವವರಿಗೆ ನಾಲ್ಕು ರೂಮು ಬಾಡಿಗೆಗೆ ಕೊಡುತ್ತಾನೆ. ಅಲ್ಲೂ ಹೇಳಿ ನೋಡಿದೆ. ವಿದೇಶಿಯರದ್ದು ಬೇರೆ, ಪಾಸ್‌ಪೋರ್ಟ್, ವೀಸಾ ನಂಬರ್ ಹಾಕಿ 24 ಗಂಟೆ ಒಳಗೆ ಸರ್ಕಾರಕ್ಕೆ ಫಾರ್ಮ್ ಕಳಿಸಲೇಬೇಕು, ಅಲ್ಲಿ ಮಾತಿಲ್ಲ. ನಮ್ಮವರಿಗೆ ಡಿಎಲ್ ಅಥವಾ ವೋಟರ್ ಐಡಿ ನೋಡಿದರೂ ನಡೆಯುತ್ತದೆ ಅಂದೆ. "ಅಕ್ಕಾ, ಜನ ಕೇಳೋಕೆ ಮುಂಚೆನೇ ಆಧಾರ್ ವಾಟ್ಸ್ಆ್ಯಪ್ ಮಾಡ್ತಾರೆ" ಅಂದ. ಅವನ ಫೋನಿನ ಗ್ಯಾಲರಿ ನೋಡಿದೆ. ಆ ಪ್ರಯೋಗ ಅಲ್ಲಿಗೇ ಬಿಟ್ಟೆ.

ಕಳೆದ ವರ್ಷ ಗಾರ್ಮೆಂಟ್‌ಗೆ ಪಿಎಫ್ ತಪಾಸಣೆ ಬಂತು. ಓನರ್ ಬೆಳಗ್ಗೆಯಿಂದ ನನ್ನ ಮುಖ ನೋಡುತ್ತಿದ್ದರು. ಹಾಜರಿ, ಸಂಬಳದ ರಿಜಿಸ್ಟರ್, ಚಲನ್, ಫಾರ್ಮ್ 11. ಮೂರು ಗಂಟೆ ನೋಡಿದರು, ಟೀ ಕುಡಿದರು, ಹೋದರು. ಆಧಾರ್ ಜೆರಾಕ್ಸ್ ಅನ್ನೋ ಮಾತೇ ಬರಲಿಲ್ಲ. "ಜೆರಾಕ್ಸೇ ಚೆನ್ನಾಗಿತ್ತು" ಅಂದಿದ್ದ ಓನರ್ ಮರುದಿನ ಫೋನ್ ಮಾಡಿ ಅವರ ಯೂನಿಟ್‌ಗೂ ಪೂರ್ತಿ ಹೀಗೇ ಮಾಡಿ ಅಂದರು. ಫೀ ಐನೂರು ಜಾಸ್ತಿ ಕೇಳಿದೆ. ಕೊಟ್ಟರು.

ಗೇಟಿನ ರಿಜಿಸ್ಟರ್ ಮಾತ್ರ ಹಾಗೇ ಇದೆ. 'ಆಧಾರ್ ನಂ.' ಅಂತ ಕಾಲಂ ಪ್ರಿಂಟ್ ಮಾಡಿಸಿದ ದಪ್ಪ ಪುಸ್ತಕಗಳು ಒಂದು ಡಜನ್ ಉಳಿದಿವೆ, ಓನರ್ ಬಿಸಾಡೋಕೆ ಬಿಡೋದಿಲ್ಲ. ಆ ಕಾಲಂ ತುಂಬಿಸಬೇಡಿ ಅಂತ ಸೆಕ್ಯೂರಿಟಿ ಅಣ್ಣನಿಗೆ ಹೇಳಿದೆ. ಖಾಲಿ ಬಿಡೋಕೆ ಅವರಿಗೆ ಮನಸ್ಸಿಲ್ಲ. ಈಗ ಅದರಲ್ಲಿ ಬಂದವರಿಗೆ ಟೀನೋ ಕಾಫೀನೋ ಅಂತ ಬರೆಯುತ್ತಿದ್ದಾರೆ.