ಕಿಡ್ನಿ ಸೋತವರ ಶುಗರ್ ಇಳಿದರೆ ಪೇಢಾ ಹಂಚಬೇಡಿ

"ಮೆಂತೆ ನೀರು ಕುಡ್ಯಾಕ ಹತ್ತಿದ ಮ್ಯಾಲ ಅಪ್ಪಾರ ಶುಗರ್ ತಾನಾಗೇ ಇಳದೈತ್ರಿ ಡಾಕ್ಟ್ರ." ವಿಜಯಪುರದ ಕಡೆ ಮಗನೋ ಸೊಸೆಯೋ ನಗುನಗುತ್ತ ಹೀಗೆ ಹೇಳುವಾಗ ನಾನು ಅಪ್ಪನ ಪಾದ ಒತ್ತಿ ನೋಡುತ್ತೇನೆ. ಬೆರಳು ಒತ್ತಿದಲ್ಲಿ ತಗ್ಗು ಬಿದ್ದು ಹಾಗೇ ಉಳಿದರೆ ಮೆಂತೆಯನ್ನು ಬಿಟ್ಟು ಕಿಡ್ನಿಯನ್ನು ವಿಚಾರಿಸಬೇಕು.

ಇನ್ಸುಲಿನ್ನನ್ನು ಒಡೆದು ವಿಲೇವಾರಿ ಮಾಡುವುದರಲ್ಲಿ ಕಿಡ್ನಿಯ ಪಾಲು ದೊಡ್ಡದು. ಚುಚ್ಚಿಕೊಂಡ ಇನ್ಸುಲಿನ್ನಿಗಂತೂ ಇನ್ನೂ ದೊಡ್ಡದು. ಕಿಡ್ನಿ ಕುಗ್ಗಿದಾಗ ಅದೇ 20 ಯೂನಿಟ್ ಮೈಯಲ್ಲಿ ಹೆಚ್ಚು ಹೊತ್ತು ನಿಂತು ಸಕ್ಕರೆ ಇಳಿಸುತ್ತಲೇ ಇರುತ್ತದೆ. ಹೊಟ್ಟೆ ಖಾಲಿ ಇದ್ದಾಗ ಕಿಡ್ನಿ ತಾನೂ ಒಂದಿಷ್ಟು ಸಕ್ಕರೆ ತಯಾರಿಸುತ್ತದೆ, ಅದೂ ಕಡಿಮೆಯಾಗುತ್ತದೆ. ಅದರ ಮೇಲೆ ಊಟ ಸೇರುವುದಿಲ್ಲ. ಔಷಧ ಮಾತ್ರ ಹಳೆಯ ಲೆಕ್ಕದಲ್ಲೇ ನಡೆದಿರುತ್ತದೆ.

1. ಎರಡು ಪರೀಕ್ಷೆ ಮಾಡಿಸಿ

ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಒಂದನ್ನೇ ನೋಡಿ ಸಮಾಧಾನಪಡಬೇಡಿ. 1.2 ಎಂಬ ಅಂಕಿ ಮೂವತ್ತರ ಗಂಡಸಿನಲ್ಲಿ 80ಕ್ಕೂ ಹೆಚ್ಚಿನ ಇಜಿಎಫ್‌ಆರ್ (ಕಿಡ್ನಿ ಎಷ್ಟು ರಕ್ತ ಸೋಸುತ್ತದೆಂಬ ಅಂದಾಜು) ತೋರಿಸಿದರೆ, ಅರವತ್ತೈದರ ಅಜ್ಜಿಯಲ್ಲಿ ಸುಮಾರು 50ಕ್ಕೆ ಇಳಿದಿರುತ್ತದೆ. ಲ್ಯಾಬಿನವರಿಂದ ಇಜಿಎಫ್‌ಆರ್ ಬರೆಸಿಕೊಳ್ಳಿ. ಜೊತೆಗೆ ಮೂತ್ರದ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಅದು 30 ದಾಟಿದರೆ ಮೂತ್ರದಲ್ಲಿ ಪ್ರೋಟೀನ್ ಸೋರಿಕೆ ಶುರುವಾಗಿದೆ ಎಂದರ್ಥ.

2. ಗುಳಿಗೆ ಚೀಲ ಡಾಕ್ಟರ ಮೇಜಿನ ಮೇಲೆ ಸುರಿಯಿರಿ

ಚೀಟಿ ಬೇಡ, ಗುಳಿಗೆಗಳೇ ಬೇಕು. ನಮ್ಮಲ್ಲಿ ಮಾರುವ ಬಹಳಷ್ಟು ಶುಗರ್ ಗುಳಿಗೆಗಳಲ್ಲಿ ಎರಡು–ಮೂರು ಔಷಧ ಕೂಡಿರುತ್ತವೆ. ದೊಡ್ಡ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿದರೇ ಗೊತ್ತಾಗುವುದು. ಮೆಟ್‌ಫಾರ್ಮಿನ್ ಇಜಿಎಫ್‌ಆರ್ 45ರ ಕೆಳಗೆ ಬಂದರೆ ಸಾಮಾನ್ಯವಾಗಿ ಅರ್ಧ, 30ರ ಕೆಳಗೆ ಬಂದ್. ಗ್ಲಿಬೆನ್‌ಕ್ಲಮೈಡ್ ಇಂಥವರಿಗೆ ಬೇಡವೇ ಬೇಡ. ಗ್ಲಿಮೆಪಿರೈಡ್ ಇದ್ದರೂ ಪ್ರಮಾಣದ ಬಗ್ಗೆ ಕೇಳಿ. ಲಿನಾಗ್ಲಿಪ್ಟಿನ್‌ಗೆ ಪ್ರಮಾಣ ಬದಲಿಸುವ ತಾಪತ್ರಯವಿಲ್ಲ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಈ ಹಂತದಲ್ಲಿ ಶುಗರನ್ನು ಅಷ್ಟಾಗಿ ಇಳಿಸುವುದಿಲ್ಲ, ಆದರೆ ಕಿಡ್ನಿಯನ್ನು ಕಾಯುತ್ತವೆ. ಶುರುವಿನಲ್ಲಿ ಕ್ರಿಯಾಟಿನಿನ್ ತುಸು ಏರಿತೆಂದು ನೀವೇ ನಿಲ್ಲಿಸಬೇಡಿ.

ಚೀಲದಲ್ಲಿ ಮೊಣಕಾಲು ನೋವಿನ ಡೈಕ್ಲೋಫೆನಾಕ್ ಸಿಕ್ಕರೆ ಅದನ್ನು ಮೊದಲು ಹೊರಗಿಡಿ. "ಕಿಡ್ನಿ ತೊಳೆಯುವ" ಪುಡಿ, ಭಸ್ಮಗಳನ್ನೂ. ಏನು ಹಾಕಿದ್ದಾರೆಂದು ಡಬ್ಬಿಯ ಮೇಲೆ ಬರೆದಿರದ ಔಷಧಕ್ಕೆ ದುಡ್ಡು ಕೊಡುವುದು ಮೂರ್ಖತನ.

ಇನ್ಸುಲಿನ್ ಇದ್ದರೆ ಸಿರಿಂಜನ್ನೂ ತನ್ನಿ. 40ರ (ಒಂದು ಮಿಲಿಯಲ್ಲಿ 40 ಯೂನಿಟ್ ಇರುವ) ಬಾಟಲಿಗೆ ಕೆಂಪು ಟೋಪಿಯ ಸಿರಿಂಜು, 100ರ ಬಾಟಲಿಗೆ ಕಿತ್ತಳೆ ಟೋಪಿಯದು. 100ರ ಇನ್ಸುಲಿನ್ನನ್ನು ಕೆಂಪು ಟೋಪಿಯದರಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್.

3. ಮನೆಯಲ್ಲಿ ಚೆಕ್ ಮಾಡಿ

ಕೈ ತೊಳೆದು, ಒರೆಸಿ, ಆಮೇಲೆ ಚುಚ್ಚಿ. ದ್ರಾಕ್ಷಿ, ಮನೂಕ ಮುಟ್ಟಿದ ಬೆರಳಿನಲ್ಲಿ ಸುಳ್ಳು ಏರಿಕೆ ಬರುತ್ತದೆ. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅನಾಹುತ. ಸ್ಟ್ರಿಪ್ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ. ರಕ್ತ ಕಡಿಮೆ ಇದ್ದು ಅದಕ್ಕೆ ಇಂಜೆಕ್ಷನ್ ನಡೆದಿದ್ದರೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ) ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಹಾಗಾಗಿ ಮೀಟರಿನ ಅಂಕಿಗಳ ನೋಟ್‌ಬುಕ್ಕೇ ಮುಖ್ಯ. ವಯಸ್ಸಾದವರಲ್ಲಿ ಎಚ್‌ಬಿಎ1ಸಿಯನ್ನು 6.5ಕ್ಕೆ ತರುವ ಹಟ ನನಗೆ ಸೇರದು. 8ರೊಳಗೆ ಇದ್ದರೆ ಸಾಕು.

4. ಶುಗರ್ ಬಿದ್ದಾಗ

ಎಲ್ಲರೂ ಎಡವುವುದು ಇಲ್ಲೇ. 70ರ ಕೆಳಗೆ ಇಳಿದರೆ ಬೆವರು, ನಡುಕ, ಹಸಿವು ಬರುತ್ತವೆಂದು ಎಲ್ಲರಿಗೂ ಗೊತ್ತು. ಆದರೆ ಕೆಲವು ಬಿ.ಪಿ. ಗುಳಿಗೆಗಳು ನಡುಕ, ಎದೆಬಡಿತಗಳನ್ನು ಮರೆಮಾಚುತ್ತವೆ. ಆಗ ಕಾಣುವುದು ತಣ್ಣನೆಯ ಬೆವರು, ಅಸಂಬದ್ಧ ಮಾತು, ಸುಮ್ಮಸುಮ್ಮನೆ ಸಿಟ್ಟು, ಹೊತ್ತಲ್ಲದ ಹೊತ್ತಿನಲ್ಲಿ ಜೊಂಪು. "ಮುದುಕರಾದ್ರು, ಅರಳು ಮರಳು" ಎಂದು ಚಾದರ ಹೊದಿಸಿ ಮಲಗಿಸುತ್ತಾರೆ. ಹೊದಿಸುವ ಮೊದಲು ಬೆರಳು ಚುಚ್ಚಿ. ಮೀಟರ್ ಇಲ್ಲದಿದ್ದರೆ ಬಿದ್ದಿದೆ ಎಂದೇ ತಿಳಿಯಿರಿ.

ಎಚ್ಚರವಿದ್ದು ನುಂಗಬಲ್ಲವರಾದರೆ ಚಹಾದ ಚಮಚದಿಂದ ಮೂರು ತುಂಬು ಚಮಚ ಸಕ್ಕರೆ, ಅಂದರೆ 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ. ಗಡಿಯಾರ ನೋಡಿ 15 ನಿಮಿಷ ಕಾಯಿರಿ. ಮತ್ತೆ ಚೆಕ್ ಮಾಡಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಏರಿದ ಮೇಲೆ ಒಂದು ರೊಟ್ಟಿಯೋ ತುಸು ಅನ್ನವೋ ತಿನ್ನಿಸಿ.

ಎಳನೀರು ಬೇಡ, ಬಾಳೆಹಣ್ಣು ಬೇಡ. ಸೋತ ಕಿಡ್ನಿ ಪೊಟ್ಯಾಸಿಯಂ ಹೊರಹಾಕಲಾರದು, ಅದು ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಕುಂದಾ, ಕರದಂಟು ಸಿಹಿಯೇ, ಆದರೆ ಅವುಗಳ ಜಿಡ್ಡಿನಿಂದಾಗಿ ಸಕ್ಕರೆ ರಕ್ತಕ್ಕೆ ನಿಧಾನ ಸೇರುತ್ತದೆ. ಶುಗರ್ ಫ್ರೀ ಬಿಸ್ಕೀಟು ಕೊಟ್ಟು ಕಾಯುತ್ತ ಕೂತವರನ್ನೂ ನೋಡಿದ್ದೇನೆ! ಹಾಸಿಗೆ ಪಕ್ಕ ಸಕ್ಕರೆ ಡಬ್ಬಿ ಇರಲಿ, ಅದಕ್ಕಿಂತ ಒಳ್ಳೆಯ ಔಷಧ ಅಂಗಡಿಯಲ್ಲಿ ಇಲ್ಲ.

ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ 108ಕ್ಕೆ ಫೋನ್ ಮಾಡಿ.

ಇಷ್ಟಕ್ಕೇ ಮುಗಿಯುವುದಿಲ್ಲ. ಗ್ಲಿಮೆಪಿರೈಡ್ ಜಾತಿಯ ಗುಳಿಗೆಯಿಂದ ಬಿದ್ದದ್ದಾದರೆ ಏರಿದ ಶುಗರ್ ಕೆಲ ಗಂಟೆಗಳಲ್ಲಿ ಮತ್ತೆ ಬೀಳುತ್ತದೆ, ಕಿಡ್ನಿ ಸೋತವರಲ್ಲಿ ಅದು ಒಂದು ದಿನಕ್ಕೂ ಮೀರಿ ನಡೆಯಬಹುದು. "ಈಗ ಆರಾಮ ಅದಾರ್ರಿ" ಎಂದು ಮನೆಯಲ್ಲಿ ಉಳಿಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ. ಮುಂದಿನ ಡೋಸನ್ನು ಕೇಳಿಯೇ ಕೊಡಿ. ಶ್ರಾವಣದ ಸೋಮವಾರವಿರಲಿ, ರಂಜಾನಿನ ರೋಜಾ ಇರಲಿ, ಉಪವಾಸಕ್ಕೆ ಮುಂಚೆಯೇ ಡಾಕ್ಟರನ್ನು ಕಾಣಿ.

5. ಊಟ

ಉಪ್ಪು ದಿನಕ್ಕೆ 5 ಗ್ರಾಮಿನೊಳಗೆ. ರಂಜಕ, ಉಪ್ಪಿನಕಾಯಿ, ಹಪ್ಪಳ ಅದರಲ್ಲೇ ಸೇರಿದವು. ಅಂಗಡಿಯ "ಕಡಿಮೆ ಸೋಡಿಯಂ" ಉಪ್ಪು ತರಬೇಡಿ, ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ತುಂಬಿರುತ್ತಾರೆ. ಜೋಳದ ರೊಟ್ಟಿಯೂ ಲೆಕ್ಕಕ್ಕೆ ಬರುತ್ತದೆ, ಐದಾರು ತಿಂದು ಶುಗರನ್ನು ಬೈಯಬೇಡಿ.

6. ವಾಂತಿ–ಭೇದಿ ಶುರುವಾದ ದಿನ

ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಮೂತ್ರ ಹೋಗುವ ಗುಳಿಗೆ, ಕೆಲವು ಬಿ.ಪಿ. ಗುಳಿಗೆಗಳನ್ನು ಅಂದು ತಡೆಯಬೇಕಾಗುತ್ತದೆ. ಯಾವ್ಯಾವು ಎಂದು ಈಗಲೇ ಡಾಕ್ಟರರಿಂದ ಬರೆಸಿಕೊಂಡು ಗುಳಿಗೆ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ. ಇನ್ಸುಲಿನ್ನನ್ನು ಮಾತ್ರ ಪೂರ್ತಿ ನಿಲ್ಲಿಸಬೇಡಿ. ಎಷ್ಟು ಎಂದು ಫೋನಿನಲ್ಲಾದರೂ ಕೇಳಿ.