ಎರಡು ಊರಲ್ಲಿ ಬರೆದಾದ ಮೇಲೆಯೇ ‘ಪೇಮೆಂಟ್ ಆಯ್ತು’

ಬೆಂಗಳೂರಿನ ಒಂದು ಪೇಮೆಂಟ್ ಕಂಪನಿಯಲ್ಲಿ ನಾನು ಸ್ವಿಚ್ ತಂಡದಲ್ಲಿದ್ದೇನೆ. ಗ್ರಾಹಕರ ಮೊಬೈಲಿಂದ ಬರುವ ಯುಪಿಐ ಕೋರಿಕೆಯನ್ನು ಲೆಡ್ಜರ್‌ನಲ್ಲಿ, ಅಂದರೆ ಲೆಕ್ಕದ ಪುಸ್ತಕದಲ್ಲಿ, ಬರೆದು, ಮುಂದಕ್ಕೆ ಕಳಿಸಿ, ಉತ್ತರ ಬಂದಾಗ ಅದನ್ನೂ ಬರೆದಿಡುವುದು ಸ್ವಿಚ್ ಅನ್ನುವ ನಮ್ಮ ಸಾಫ್ಟ್‌ವೇರ್ ಕೆಲಸ. ಕರೆಂಟ್ ಹೋದರೂ, ಕೇಬಲ್ ಕಟ್ ಆದರೂ, ಡಿಸ್ಕ್ ಕೆಟ್ಟರೂ ಇದು ನಿಲ್ಲಬಾರದು.

ಮೊದಲು ನಮ್ಮಲ್ಲೂ ಎಲ್ಲರಲ್ಲಿ ಇರುವಂಥ ವ್ಯವಸ್ಥೆಯೇ ಇತ್ತು. ಬೆಂಗಳೂರಲ್ಲಿ ಮುಖ್ಯ ಡೇಟಾ ಸೆಂಟರ್, ಬೇರೆ ಊರಲ್ಲಿ ಡಿಆರ್ ಸೈಟ್, ಅಂದರೆ ಮುಖ್ಯದ್ದು ಬಿದ್ದರೆ ಕೆಲಸ ವಹಿಸಿಕೊಳ್ಳುವ ಜಾಗ. ಇಲ್ಲಿ ಬರೆದದ್ದು ಕೆಲವು ಸೆಕೆಂಡ್ ತಡವಾಗಿ ಅಲ್ಲಿಗೆ ತಲುಪುತ್ತಿತ್ತು. ಬೇರೆ ಎಷ್ಟೋ ಕೆಲಸಕ್ಕೆ ಇಷ್ಟು ಸಾಕು, ದುಡ್ಡಿನ ಕೆಲಸಕ್ಕೆ ಸಾಲದು. ಆ ಕೆಲವು ಸೆಕೆಂಡಲ್ಲಿ ಯಾರದೋ ಖಾತೆಯಿಂದ ದುಡ್ಡು ಕಟ್ ಆಗಿರುತ್ತದೆ. ಅಷ್ಟರಲ್ಲಿ ಮುಖ್ಯ ಸೈಟ್ ಬಿದ್ದರೆ ಡಿಆರ್ ಸೈಟ್‌ಗೆ ಆ ಸಂಗತಿ ಗೊತ್ತೇ ಇರುವುದಿಲ್ಲ. ಗ್ರಾಹಕರು ಮತ್ತೆ ಒತ್ತುತ್ತಾರೆ, ಮತ್ತೆ ಕಟ್ ಆಗುತ್ತದೆ. ತಿಂಗಳ ಕೊನೆಯಲ್ಲಿ ತರಕಾರಿ ತರಲು ಹೋದವರಿಗೆ 400 ರೂಪಾಯಿ ಎರಡು ಸಲ ಹೋದರೆ ಹೇಗಿರುತ್ತದೆ ಹೇಳಿ.

ಹಾಗಾಗಿ ಲೆಡ್ಜರನ್ನು ಮೂರು ಊರಲ್ಲಿ ಇಟ್ಟೆವು. ಬೆಂಗಳೂರು, ಚೆನ್ನೈ, ಹೈದರಾಬಾದ್. ಪೇಮೆಂಟ್ ಡೇಟಾ ಭಾರತದಲ್ಲೇ ಇರಬೇಕು ಅಂತ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲೇ ಹೇಳಿದೆ, ಆದ್ದರಿಂದ ದೇಶದ ಹೊರಗೆ ನೋಡುವ ಪ್ರಶ್ನೆಯೇ ಇರಲಿಲ್ಲ. ಮೂರರಲ್ಲಿ ಎರಡು ಕಡೆ ಡಿಸ್ಕ್‌ಗೆ ಬಿದ್ದ ಮೇಲೆಯೇ ನಮ್ಮ ಸ್ವಿಚ್ ಮುಂದಿನ ಹೆಜ್ಜೆ ಇಡುತ್ತದೆ. ತಡ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಚೆನ್ನೈ ನೇರ ದಾರಿಯಲ್ಲಿ 300 ಕಿಲೋಮೀಟರ್ ಆಸುಪಾಸು. ಹೋಗಿ ಬರಲು ಕಮ್ಮಿ ಅಂದರೂ ಮೂರು ಮಿಲಿಸೆಕೆಂಡ್ ಬೇಕು. ಕೇಬಲ್ ನೇರವಾಗಿ ಹೋಗುವುದಿಲ್ಲ, ನಡುವೆ ಯಂತ್ರಗಳೂ ಇರುತ್ತವೆ, ಆದ್ದರಿಂದ ಇನ್ನೂ ಜಾಸ್ತಿಯೇ ಆಗುತ್ತದೆ. ಆದರೂ ಕ್ಯೂಆರ್ ಮುಂದೆ ಫೋನ್ ಹಿಡಿದು ನಿಂತವರಿಗೆ ಅದು ಗೊತ್ತಾಗುವಷ್ಟಿಲ್ಲ.

ಮೂರೇ ಯಾಕೆ? ಎರಡೇ ಇದ್ದು ನಡುವಿನ ಲಿಂಕ್ ಕಡಿದರೆ ಇದು ಅದನ್ನು ಸತ್ತಿದೆ ಅಂದುಕೊಳ್ಳುತ್ತದೆ, ಅದು ಇದನ್ನು. ಎರಡೂ ಪೇಮೆಂಟ್ ತಗೊಳ್ಳಲು ಶುರು ಮಾಡಿದರೆ ಲೆಡ್ಜರ್ ಎರಡಾಗಿ ಒಡೆಯುತ್ತದೆ. ಆಮೇಲೆ ಕೂಡಿಸುವುದು ನರಕ. ಮೂರಿದ್ದರೆ ಯಾರ ಕಡೆ ಇಬ್ಬರಿದ್ದಾರೋ ಅವರದು ನಡೆಯುತ್ತದೆ. ಒಂಟಿಯಾದ ಸೈಟ್ ಹೊಸ ಪೇಮೆಂಟ್ ಬೇಡ ಅನ್ನಬೇಕು. ‘ಸರ್ವರ್ ಚೆನ್ನಾಗಿಯೇ ಇದೆಯಲ್ಲ, ಯಾಕೆ ಬೇಡ ಅನ್ನಬೇಕು?’ ಎಂಬ ಮಾತು ಮೀಟಿಂಗ್‌ಗಳಲ್ಲಿ ಮತ್ತೆ ಮತ್ತೆ ಬಂತು. ನಾನು ಬಿಟ್ಟುಕೊಡಲಿಲ್ಲ. ಈಗಲೂ ಬಿಡುವುದಿಲ್ಲ. ಸ್ವಲ್ಪ ಹೊತ್ತು ಆಗಲ್ಲ ಅಂದರೆ ಜನ ಬೈದು ನೋಟು ಕೊಟ್ಟು ಹೋಗುತ್ತಾರೆ. ಲೆಕ್ಕ ತಪ್ಪಿದರೆ ನಮ್ಮನ್ನು ನಂಬುವುದನ್ನೇ ಬಿಡುತ್ತಾರೆ.

ಇಷ್ಟೆಲ್ಲ ಇದ್ದರೂ ನೆಲದ ಕೆಳಗೆ ಏನಿದೆ ಅಂತ ನೋಡದೆ ಬಿಡಬಾರದು. ಬೆಂಗಳೂರು ಸೈಟ್‌ಗೆ ಎರಡು ಬೇರೆ ಬೇರೆ ಕಂಪನಿಗಳ ಫೈಬರ್ ಹಾಕಿಸಿದ್ದೆವು. ಕಾಗದದಲ್ಲಿ ಎರಡು ದಾರಿ. ನನಗೆ ಸಮಾಧಾನ ಆಗಲಿಲ್ಲ, ಫೀಲ್ಡ್ ಹುಡುಗನನ್ನು ಕರೆದುಕೊಂಡು ರಸ್ತೆಯಲ್ಲಿ ನಡೆದುಕೊಂಡೇ ಹೊರಟೆ. ಮೆಟ್ರೋ ಕಂಬಗಳ ಪಕ್ಕ ಒಂದು ಚೇಂಬರ್ ಮುಚ್ಚಳ ಎತ್ತಿದ. ಒಳಗೆ ಕೆಸರು ನೀರು, ಅದರಲ್ಲಿ ಎರಡು ಕಪ್ಪು ಕೇಬಲ್, ಎರಡಕ್ಕೂ ಬೇರೆ ಬೇರೆ ಬಣ್ಣದ ಟ್ಯಾಗ್. ‘ಸಾರ್, ಇಲ್ಲಿಂದ ಮುಂದಕ್ಕೆ ಎರಡೂ ಒಂದೇ ಪೈಪಲ್ಲಿ ಹೋಗ್ತವೆ’ ಅಂದ. ಒಂದು ಜೆಸಿಬಿ ಹಲ್ಲು ತಾಗಿದರೆ ಎರಡೂ ಹೋಗುತ್ತಿದ್ದವು. ಒಂದನ್ನು ಕಟ್ಟಡದ ಹಿಂದಿನ ರಸ್ತೆಗೆ ತಿರುಗಿಸಲು ತಿಂಗಳುಗಟ್ಟಲೆ ಓಡಾಟ ಆಯಿತು. ನಮ್ಮ ಊರಲ್ಲಿ ರಸ್ತೆ ಅಗೆಯುವುದು ನಿಲ್ಲುವುದಿಲ್ಲ, ಹಾಗಾಗಿ ಈ ಕೆಲಸ ಮಾಡುವವರು ಒಮ್ಮೆ ಆ ದಾರಿ ನಡೆದು ನೋಡಲೇಬೇಕು.

ಉತ್ತರವೇ ಬರದ ಪೇಮೆಂಟ್ ಇನ್ನೊಂದು ತಲೆನೋವು. ಬ್ಯಾಂಕಿಗೆ ಹೋಯಿತು, ಆಮೇಲೆ ಸದ್ದಿಲ್ಲ. ಕಟ್ ಆಯಿತೋ ಇಲ್ಲವೋ ಗೊತ್ತಿಲ್ಲ. ಆಗ ಸುಮ್ನೆ ಹೊಸದಾಗಿ ಕಳಿಸುವ ಹಾಗಿಲ್ಲ. ಹಳೇ ರೆಫರೆನ್ಸ್ ನಂಬರ್ ಹಿಡಿದೇ ಸ್ಥಿತಿ ಕೇಳುತ್ತೇವೆ, ಉತ್ತರ ಸಿಗುವವರೆಗೆ ‘ಪೆಂಡಿಂಗ್’ ಅಂತಲೇ ತೋರಿಸುತ್ತೇವೆ. ಒಂದೇ ನಂಬರ್ ಎರಡು ಸಲ ಬಂದರೆ ಎರಡನೆಯದಕ್ಕೆ ಮೊದಲಿನ ಉತ್ತರವೇ ಹೋಗುತ್ತದೆ. ಆ ನಂಬರ್ ಕಮ್ಮಿ ಅಂದರೂ ಎರಡು ಊರಿನ ಲೆಡ್ಜರ್‌ನಲ್ಲಿ ಇರುವುದರಿಂದ ನಡುವೆ ಸೈಟ್ ಬದಲಾದರೂ ಗೊಂದಲ ಆಗುವುದಿಲ್ಲ. ಯುಪಿಐನಲ್ಲಿ ಒಬ್ಬರ ಖಾತೆಯಿಂದ ಕಟ್ ಆಗಿ ಇನ್ನೊಬ್ಬರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು. ಆ ಗಡುವು ಲೆಕ್ಕ ತಾಳೆ ನೋಡುವ ನಮ್ಮ ರೀಕಾನ್ ತಂಡದ ತಲೆಯಲ್ಲಿ ಸದಾ ಇರುತ್ತದೆ.

ಮೂರು ಪ್ರತಿ ಇದ್ದರೆ ಬ್ಯಾಕಪ್ ಬೇಡ ಅಂತ ಅಂದುಕೊಳ್ಳಬೇಡಿ. ಒಂದು ಕಡೆ ತಪ್ಪಾಗಿ ಅಳಿಸಿದರೆ ಮೂರೂ ಕಡೆ ಅಳಿಯುತ್ತದೆ. 2024ರ ಜುಲೈ ಕೊನೆಯಲ್ಲಿ, ಡೇಟಾಗೆ ಬೀಗ ಹಾಕಿ ದುಡ್ಡು ಕೇಳುವ ಒಂದು ರ‍್ಯಾನ್ಸಮ್‌ವೇರ್ ದಾಳಿಯಿಂದ ಸುಮಾರು 300 ಸಣ್ಣ ಬ್ಯಾಂಕುಗಳ ಪೇಮೆಂಟ್ ಸೇವೆ ನಿಂತಿತ್ತು. ನಾವು ಅಳಿಸಲಾಗದ ಬ್ಯಾಕಪ್ ಬೇರೆ ಇಟ್ಟಿದ್ದೇವೆ. ಅದರ ಕೀ ಸ್ವಿಚ್ ತಂಡದ ಕೈಯಲ್ಲಿಲ್ಲ, ನನ್ನ ಕೈಯಲ್ಲೂ ಇಲ್ಲ. ಅದನ್ನು ಖಾಲಿ ಸರ್ವರ್‌ಗೆ ತುಂಬಿಸಿ ಲೆಕ್ಕ ತಾಳೆ ಆಗುತ್ತದಾ ಅಂತ ಆಗಾಗ ನೋಡುತ್ತೇವೆ. ತುಂಬಿಸಿ ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಕರೆಯುವುದಿಲ್ಲ.

ಒಂದು ಸೈಟ್ ಬಿದ್ದರೆ ಏನಾಗುತ್ತದೆ ಅಂತ ನೋಡುವ ಡ್ರಿಲ್ ಕೂಡ ನಿಜವಾದ ಪೇಮೆಂಟ್‌ಗಳ ಮೇಲೆಯೇ ಮಾಡುತ್ತೇವೆ. ಬೆಂಗಳೂರನ್ನು ಕಡಿದು, ಚೆನ್ನೈ ಮತ್ತು ಹೈದರಾಬಾದ್‌ನಿಂದ ಹಗಲಿನ ವ್ಯವಹಾರ ಪೂರ್ತಿ ನಡೆಸುತ್ತೇವೆ. ಅಲ್ಲಿಗೆ ಹೋಗುವುದು ಸುಲಭ, ವಾಪಸ್ ಬರುವುದೇ ಕಷ್ಟ. ಬೆಂಗಳೂರಿನ ಲೆಡ್ಜರ್ ಹಿಂದೆ ಬಿದ್ದಿರುತ್ತದೆ, ಅದು ಪೂರ್ತಿ ತುಂಬಿಕೊಂಡು ಮೊತ್ತ ತಾಳೆ ಆಗುವವರೆಗೆ ಒಂದು ಪೇಮೆಂಟನ್ನೂ ಅಲ್ಲಿಗೆ ಬಿಡುವುದಿಲ್ಲ. ಆಮೇಲೂ ನೂರಕ್ಕೆ ಒಂದರಂತೆ ಮೊದಲು ಬಿಟ್ಟು, ನೋಡಿಕೊಂಡು ನಿಧಾನವಾಗಿ ಜಾಸ್ತಿ ಮಾಡುತ್ತೇವೆ.